ರತ್ನಗಂಬಳಿ: ನೆಲಕ್ಕೆ ಹಾಸಿದ್ದೆಲ್ಲ ಅದೇ ಅಲ್ಲ

‘ಈ ಹಬ್ಬಕ್ಕೆ ಮನೆಗೆ ಮಣ್ಣಿನ ಬಣ್ಣದ ರತ್ನಗಂಬಳಿ’ ಎಂದು ದಪ್ಪಕ್ಷರದ ಶೀರ್ಷಿಕೆ. ಕೆಳಗಿನ ಚಿತ್ರದಲ್ಲಿರುವುದು ಅಪ್ಪಟ ಜಮಖಾನ. ಪಕ್ಕದ ಪುಟದಲ್ಲಿ ‘ಬಾಗಿಲಿಗೊಂದು ಪುಟ್ಟ ರತ್ನಗಂಬಳಿ’, ಚಿತ್ರದಲ್ಲಿ ಕಾಲೊರಸು. ಗೃಹಾಲಂಕಾರದ ಬರಹಗಳಲ್ಲಿ ಈ ಪದ ಈಗ ನೆಲಕ್ಕೆ ಹಾಸಬಹುದಾದ ಯಾವುದಕ್ಕೂ ಸಲ್ಲುತ್ತದೆ. ಚಾಪೆಯನ್ನು ಇನ್ನೂ ಬಿಟ್ಟಿದ್ದಾರೆ, ಅಷ್ಟರಮಟ್ಟಿಗೆ ಸಮಾಧಾನ.

ಪದದ ಹುಟ್ಟು ಸರಳ. ರತ್ನ ಮತ್ತು ಕಂಬಳಿ ಸೇರುವಾಗ ‘ಮಳೆಗಾಲ’ದಲ್ಲಿ ಆದಂತೆಯೇ ಕಕಾರ ಗಕಾರವಾಗಿದೆ. ಕಂಬಳಿಯ ಮೂಲ ಸಂಸ್ಕೃತದ ‘ಕಂಬಲ’. ತೊಡಕಿರುವುದು ಅರ್ಥದಲ್ಲಿ. ಹಳೆಯ ಕಥೆಗಳ ರತ್ನಕಂಬಳ ನೆಲದ ಹಾಸೇ ಆಗಿರಲಿಲ್ಲ. ಅದು ಮೈಮೇಲೆ ಹೊದೆಯುವ ವಸ್ತ್ರ. ಸ್ಥೂಲಭದ್ರನ ಜೈನ ಕಥೆಯಲ್ಲಿ, ಗಣಿಕೆಯ ಮೋಹಕ್ಕೆ ಬಿದ್ದ ಮುನಿಯೊಬ್ಬ ನೇಪಾಳದವರೆಗೆ ನಡೆದು ರಾಜನಿಂದ ರತ್ನಕಂಬಳ ಪಡೆಯುತ್ತಾನೆ. ಕಳ್ಳರ ಕಣ್ಣು ತಪ್ಪಿಸಲು ಅದನ್ನು ಬಿದಿರಿನ ಕೋಲಿನ ಟೊಳ್ಳಿನಲ್ಲಿ ಅಡಗಿಸಿ ತರುತ್ತಾನೆ. ಗಣಿಕೆ ಅದನ್ನು ಅವನ ಕಣ್ಣೆದುರೇ ಕೊಚ್ಚೆಗೆ ಎಸೆದು ವೈರಾಗ್ಯದ ಪಾಠ ಹೇಳುತ್ತಾಳೆ. ಪಾಠದ ಸಂಗತಿ ಇರಲಿ, ಬಿದಿರಿನ ಕೋಲನ್ನು ನೋಡಿ. ಅದರೊಳಗೆ ಹಿಡಿಸಬೇಕಾದರೆ ವಸ್ತ್ರ ಎಷ್ಟು ನವಿರಾಗಿರಬೇಕು! ಇಂದಿನ ಕಾರ್ಪೆಟ್ಟನ್ನು ಅಡಗಿಸಲು ಒಂದು ಬಿದಿರುಮೆಳೆಯೂ ಸಾಲದು.

ಶಾಲಿಭದ್ರನ ಕಥೆಯಲ್ಲಿ ವ್ಯಾಪಾರಿಗಳು ರಾಜಗೃಹಕ್ಕೆ 16 ರತ್ನಕಂಬಳಗಳನ್ನು ತರುತ್ತಾರೆ. ಬೆಲೆ ಕೇಳಿ ಶ್ರೇಣಿಕ ಮಹಾರಾಜನೇ ಹಿಂಜರಿಯುತ್ತಾನೆ. ಶಾಲಿಭದ್ರನ ತಾಯಿ ಭದ್ರಾ ಅಷ್ಟನ್ನೂ ಕೊಂಡು, ತನಗಿರುವ 32 ಸೊಸೆಯರಿಗೆ ಸಾಲದಲ್ಲ ಎಂದು ಒಂದೊಂದನ್ನೂ ಎರಡಾಗಿ ಹರಿದು ಹಂಚುತ್ತಾಳೆ. ಸೊಸೆಯರು ಅದರಲ್ಲಿ ಕಾಲು ಒರೆಸಿಕೊಳ್ಳುತ್ತಾರೆ. ಕಾಲೊರಸನ್ನು ರತ್ನಗಂಬಳಿ ಎನ್ನುವವರಿಗೆ ಬೇಕಿದ್ದರೆ ಇದೊಂದು ಆಧಾರ ಸಿಕ್ಕಿತು ಎಂದಿಟ್ಟುಕೊಳ್ಳೋಣ.

ಹೊದಿಕೆ ಹಾಸಾದದ್ದು ಕನ್ನಡದಲ್ಲಿ ಅಂಥ ವಿಚಿತ್ರವೇನೂ ಅಲ್ಲ. ನಮ್ಮ ಕರಿಕಂಬಳಿ ಮೊದಲಿನಿಂದಲೂ ಎರಡೂ ಕೆಲಸ ಮಾಡಿದೆ. ಹುಣಸೆ ಬೀಜದ ಗಂಜಿ ಕುಡಿದು ಬಿರುಸಾದ ಚಳ್ಳಕೆರೆಯ ಕಂಬಳಿ ಕುರಿಗಾಹಿಗೆ ಮಳೆಯಲ್ಲಿ ಕೊಪ್ಪೆಯೂ ಹೌದು, ದೇವರ ಕಾರ್ಯದಲ್ಲಿ ಗದ್ದುಗೆಯೂ ಹೌದು. ಹಾಗಾಗಿ ಗಂಟು ಹಾಕಿ ನೇಯ್ದ ಬೆಲೆಬಾಳುವ ನೆಲಹಾಸಿಗೊಂದು ಹೆಸರು ಬೇಕಾದಾಗ ‘ರತ್ನಗಂಬಳಿ’ ಎಂದವರ ಮೇಲೆ ನನಗೆ ತಕರಾರಿಲ್ಲ. ಅರ್ಥ ಒಮ್ಮೆ ಬದಲಾಗಿದೆಯಲ್ಲ, ಇನ್ನೊಮ್ಮೆ ಬದಲಾದರೇನು ಎಂದು ಕೇಳಬಹುದು. ಮೊದಲ ಸಲ ಬದಲಾದಾಗ ಹೊಸ ವಸ್ತುವಿಗೊಂದು ಹೆಸರು ಸಿಕ್ಕಿತು. ಈಗ ಆಗುತ್ತಿರುವುದರಲ್ಲಿ ಜಮಖಾನ ಎಂಬ ಹೆಸರೇ ಅಳಿಯುತ್ತಿದೆ.

ಎರಡನೆಯ ಗೊಂದಲ ಬಣ್ಣದ್ದು. ಗಣ್ಯರಿಗೆ ‘ರತ್ನಗಂಬಳಿ ಸ್ವಾಗತ’ ಎಂದು ಪತ್ರಿಕೆಗಳು ಬರೆದೂ ಬರೆದೂ, ಅದು ಕೆಂಪೇ ಇರಬೇಕು ಎಂಬ ಭಾವನೆ ಬೇರೂರಿದೆ. ರತ್ನ ಎಂದರೆ ಮಾಣಿಕ್ಯ, ಮಾಣಿಕ್ಯ ಎಂದರೆ ಕೆಂಪು ಎಂದು ವಿವರಣೆ ಕೊಟ್ಟವರೂ ಇದ್ದಾರೆ. ನವರತ್ನಗಳಲ್ಲಿ ನೀಲ, ಪಚ್ಚೆ, ಮುತ್ತು ಇಲ್ಲವೇ? ಇಲ್ಲಿ ರತ್ನ ಹೇಳುವುದು ಬೆಲೆಯನ್ನು, ಬಣ್ಣವನ್ನಲ್ಲ. ಗಣ್ಯರ ಕಾಲಡಿಯ ಪಟ್ಟಿಯಂತೂ ಬಹುತೇಕ ಕಡೆ ಯಂತ್ರದಲ್ಲಿ ತಯಾರಾದ ಕೃತಕ ನೂಲಿನ ಹಾಸು, ಅದರಲ್ಲಿ ರತ್ನವೂ ಇಲ್ಲ, ಕಂಬಳಿಯೂ ಇಲ್ಲ. 1961ರಿಂದ ಕೆಂಪು ಹಾಸುತ್ತಿದ್ದ ಆಸ್ಕರ್ ಸಮಾರಂಭದಲ್ಲೇ 2023ರಲ್ಲಿ ಷಾಂಪೇನ್ ಬಣ್ಣದ್ದನ್ನು ಹಾಸಿದರು. ‘ಕೆಂಪುಹಾಸು’ ಎಂದು ಬರೆಯುವವರು ಆ ವರ್ಷ ತಿಣುಕಿದರು.

ಇನ್ನು ಮುಖ್ಯ ವ್ಯತ್ಯಾಸ. ಜಮಖಾನದಲ್ಲಿರುವುದು ಹಾಸು (ಮಗ್ಗದ ಉದ್ದದ ಎಳೆ) ಮತ್ತು ಹೊಕ್ಕು (ಅಡ್ಡ ಎಳೆ), ಅಷ್ಟೇ. ಬಣ್ಣದ ಹೊಕ್ಕನ್ನು ಒತ್ತಾಗಿ ಬಡಿದು ಕೂರಿಸಿದಾಗ ಹಾಸು ಮರೆಯಾಗುತ್ತದೆ, ಮೇಲ್ಮೈ ಸಪಾಟಾಗಿ ಉಳಿಯುತ್ತದೆ. ರತ್ನಗಂಬಳಿಯಲ್ಲಿ ಹಾಸಿನ ಎಳೆಗಳಿಗೆ ಬಣ್ಣದ ನೂಲನ್ನು ಒಂದೊಂದಾಗಿ ಗಂಟು ಹಾಕಿ ಕತ್ತರಿಸುತ್ತಾರೆ. ಆ ತುದಿಗಳು ನೆಟ್ಟಗೆ ನಿಂತು ಕಾಲಿಗೆ ಮೆತ್ತಗೆ ಸಿಗುವುದನ್ನೇ ವ್ಯಾಪಾರಿಗಳು ಪೈಲ್ ಎನ್ನುವುದು. ಒಳ್ಳೆಯ ಕಾಶ್ಮೀರಿ ಕೆಲಸದಲ್ಲಿ ಚದರ ಅಂಗುಲಕ್ಕೆ ನೂರಾರು ಗಂಟುಗಳು. ಯಾವ ಬಣ್ಣದ ಗಂಟು ಎಲ್ಲಿ ಬೀಳಬೇಕು ಎಂಬುದನ್ನು ತಾಲೀಮ್ ಎಂಬ ಸಂಕೇತ ಲಿಪಿಯಲ್ಲಿ ಬರೆದು ಇಟ್ಟುಕೊಂಡಿರುತ್ತಾರೆ.

ವಿನ್ಯಾಸದ ಟ್ರೆಂಡ್ ಎಂದು ಬರೆಯುವವರು ಗಮನಿಸಬೇಕಾದದ್ದು ಇಲ್ಲಿದೆ. ಗಂಟು ಚುಕ್ಕಿಯಷ್ಟು ಚಿಕ್ಕದಾದ್ದರಿಂದ ರತ್ನಗಂಬಳಿಯಲ್ಲಿ ಬಳ್ಳಿ, ಹೂವು, ಸುರುಳಿ ಎಲ್ಲವೂ ಬಾಗಿ ಬಳುಕುತ್ತವೆ. ಜಮಖಾನದಲ್ಲಿ ಓರೆಗೆರೆ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ನವಲಗುಂದದ ಜಮಖಾನದ ನವಿಲು ಕೋನಕೋನವಾಗಿರುವುದು, ಪಗಡೆಯ ಹಾಸು ಅಲ್ಲಿ ಅಷ್ಟು ಚೆಂದವಾಗಿ ಕೂರುವುದು ಅದಕ್ಕೇ. ಇದನ್ನು ‘ಮಿನಿಮಲ್ ಜ್ಯಾಮಿತೀಯ ಟ್ರೆಂಡ್’ ಎಂದು ಈ ವರ್ಷ ಕಂಡುಹಿಡಿದವರಿಗೆ ಒಂದು ಮಾತು: ಅಲ್ಲಿನ ಮಹಿಳೆಯರು ನಿಲುವು ಮಗ್ಗದ ಮುಂದೆ ಕುಳಿತು ತಲೆಮಾರುಗಳಿಂದ ಅದನ್ನೇ ನೇಯುತ್ತಿದ್ದಾರೆ, ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂದಿದೆ. ಅವರ ಮಾತಿನಲ್ಲಿ ಜಮಖಾನ ಬೇರೆ, ನಮಾಜಿನ ಜಾನಮಾಜ್ ಬೇರೆ, ಪ್ರಾಣಿಗಳ ಮೈಮೇಲೆ ಹೊದಿಸುವ ಗುಡ್ಡರ್ ಬೇರೆ. ನೇಯುವವರು ಇಷ್ಟು ಬೇರೆ ಮಾಡಿ ಹೇಳುವುದನ್ನು ಬರೆಯುವವರು ಒಂದೇ ಪದದಲ್ಲಿ ಕಟ್ಟಿ ಹಾಕುತ್ತಾರೆ.

ಬಣ್ಣವೂ ಎರಡರಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಪೈಲ್ ಒಂದು ದಿಕ್ಕಿಗೆ ಒರಗಿರುತ್ತದೆ. ಕೋಣೆಯ ಈ ತುದಿಯಿಂದ ತಿಳಿಯಾಗಿ ಕಂಡದ್ದು ಆ ತುದಿಯಿಂದ ಗಾಢವಾಗಿ ಕಾಣುತ್ತದೆ. ಹಿಂದಿನ ದಶಕದ ಬೂದು, ಆಮೇಲೆ ಬಂದ ಬೇಜ್, ಪ್ಯಾಂಟೋನ್ ಸಂಸ್ಥೆ 2025ಕ್ಕೆ ‘ವರ್ಷದ ಬಣ್ಣ’ವಾಗಿ ಆರಿಸಿದ ‘ಮೋಕಾ ಮೂಸ್’ ಎಂಬ ಕಂದು, ಇಂಥ ಏಕವರ್ಣಗಳಲ್ಲಿ ಈ ಆಟ ಇನ್ನೂ ಎದ್ದು ಕಾಣುತ್ತದೆ. ಕೈಯಗಲದ ತುಣುಕು ನೋಡಿ ಕೊಂಡವರು ಅಂಗಡಿಯವನು ಬೇರೆ ಬಣ್ಣದ್ದನ್ನು ಕಳಿಸಿದ ಎಂದು ಜಗಳಕ್ಕೆ ಹೋಗುತ್ತಾರೆ. ಜಮಖಾನದಲ್ಲಿ ಈ ರಗಳೆಯಿಲ್ಲ. 2026ಕ್ಕೆ ಅದೇ ಸಂಸ್ಥೆ ‘ಕ್ಲೌಡ್ ಡ್ಯಾನ್ಸರ್’ ಎಂಬ ಬಿಳಿಯನ್ನು ಆರಿಸಿದೆ. ಕೆಮ್ಮಣ್ಣಿನ ಊರಿನವರು ತಮ್ಮ ನಿರ್ಧಾರ ತಾವೇ ಮಾಡಲಿ.

ಪರ್ಷಿಯನ್ ಎಂಬ ವಿಶೇಷಣದ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಲೇಖನವಾದೀತು. ಗಂಟುಗಳಲ್ಲಿ ತುರ್ಕಿ ಬಗೆ, ಪರ್ಷಿಯನ್ ಬಗೆ ಎಂದು ಎರಡಿವೆ. ಎರಡನೆಯದಕ್ಕೆ ಇರಾನಿನ ಸೆನ್ನೆ ಊರಿನ ಹೆಸರೇ ಅಂಟಿಕೊಂಡಿದೆ, ಆದರೆ ಆ ಊರಿನವರು ಹಾಕುವುದು ತುರ್ಕಿ ಗಂಟು. ಹೆಸರಿನ ಅವಾಂತರ ನಮ್ಮೊಬ್ಬರದೇ ಅಲ್ಲ ಎನ್ನಲು ಇಷ್ಟು ಸಾಕು.

ದುಡ್ಡು ಕೈಬಿಡುವುದು ಟಫ್ಟೆಡ್ ಎಂಬ ಮೂರನೆಯ ಜಾತಿಯಲ್ಲಿ. ಬಿಗಿದು ಕಟ್ಟಿದ ಬಟ್ಟೆಗೆ ಕೈಬಂದೂಕಿನಂಥ ಸಾಧನದಿಂದ ನೂಲು ಚುಚ್ಚಿ, ಹಿಂದೆ ಲ್ಯಾಟೆಕ್ಸ್ ಬಳಿದು, ಅದರ ಮೇಲೊಂದು ಬಟ್ಟೆ ಅಂಟಿಸುತ್ತಾರೆ. ಮೇಲಿನಿಂದ ನೋಡಿದರೆ ಪೈಲ್ ಇದೆ, ಗಂಟು ಒಂದೂ ಇಲ್ಲ. ‘ಕೈಯಿಂದ ಮಾಡಿದ ರತ್ನಗಂಬಳಿ’ ಎಂದು ಇದನ್ನು ಮಾರುವವರು ಪೂರ್ತಿ ಸುಳ್ಳು ಹೇಳುತ್ತಿಲ್ಲ, ಬಂದೂಕು ಹಿಡಿದಿರುವುದು ಕೈಯೇ. ಮೂಲೆ ಮಗುಚಿ ನೋಡಿ. ಮೇಲಿನ ಚಿತ್ತಾರವೇ ಬೆನ್ನಿನಲ್ಲೂ ಗಂಟು ಗಂಟಾಗಿ ಕಂಡರೆ ಅದಕ್ಕೆ ರತ್ನಗಂಬಳಿಯ ಬೆಲೆ ಮಾತಾಡಬಹುದು. ಬಟ್ಟೆ ಅಂಟಿಸಿದ್ದರೆ ಬೆಲೆಯನ್ನು ಅರ್ಧಕ್ಕಿಂತ ಕೆಳಗಿನಿಂದ ಶುರು ಮಾಡಿ.