ಫೆರಿಟಿನ್ ಇಳಿದಾಗ ಟಿಐಬಿಸಿ ಯಾಕೆ ಏರುತ್ತದೆ? ರಕ್ತಹೀನತೆಯ ರಿಪೋರ್ಟ್ ಓದುವ ಬಗ್ಗೆ

ರಕ್ತ, ರಕ್ತನಾಳ ಮತ್ತು ರೋಗನಿರೋಧಕ ವ್ಯವಸ್ಥೆಯ ಕಾಯಿಲೆಗಳ ಪಾಠದಲ್ಲಿ ಐಟಿಪಿ (ಪ್ಲೇಟ್‌ಲೆಟ್ ಇಳಿಯುವ ಕಾಯಿಲೆ), ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ), ಡಿವಿಟಿ (ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು) ಎಲ್ಲ ಒಂದೆರಡು ಸಲ ಓದಿದರೆ ತಲೆಯಲ್ಲಿ ನಿಲ್ಲುತ್ತವೆ. ನಿಲ್ಲದೆ ಜಾರುವುದು ಫೆರಿಟಿನ್, ಟಿಐಬಿಸಿ ಥರದ ಕಬ್ಬಿಣದ ಪರೀಕ್ಷೆಗಳು. ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಅಂತ ಬಾಣದ ಗುರುತು ಹಾಕಿ ಬಾಯಿಪಾಠ ಮಾಡಿದರೆ ಪರೀಕ್ಷೆ ಹಾಲ್‌ನಲ್ಲಿ ಎಲ್ಲ ಬಾಣವೂ ತಿರುಗಿ ನಿಲ್ಲುತ್ತದೆ. ಅದಕ್ಕೇ ಕಾರಣದ ಕಡೆಯಿಂದ ಬರೆಯುತ್ತಿದ್ದೇನೆ.

ಮೊದಲು ಬೇಗ ಬೇಗ. ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ ಗಂಡಸರಲ್ಲಿ 13, ಹೆಂಗಸರಲ್ಲಿ 12, ಬಸುರಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ರಕ್ತಹೀನತೆ ಅನ್ನುತ್ತೇವೆ. ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ, 80 ಫೆಮ್ಟೋಲೀಟರ್‌ಗಿಂತ ಕೆಳಗಿದ್ದರೆ ಕೆಂಪು ಕಣ ಸಣ್ಣದು. ಸಣ್ಣ ಕಣ ಕಂಡ ಕೂಡಲೇ ಮೂರು ಅನುಮಾನ ಬರಬೇಕು: ಕಬ್ಬಿಣದ ಕೊರತೆ, ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ) ವಾಹಕ ಸ್ಥಿತಿ, ದೀರ್ಘಕಾಲದ ಉರಿಯೂತ. ಉರಿಯೂತದಲ್ಲಿ ಕಣದ ಗಾತ್ರ ಬಹಳ ಸಲ ನಾರ್ಮಲ್ ಆಗಿಯೇ ಇರುತ್ತದೆ ಅನ್ನುವುದೂ ನೆನಪಿರಲಿ.

ಈಗ ಟಿಐಬಿಸಿ. ಇದು ರಕ್ತದಲ್ಲಿರುವ ಕಬ್ಬಿಣದ ಅಳತೆ ಅಲ್ಲ. ರಕ್ತದಲ್ಲಿ ಕಬ್ಬಿಣವನ್ನು ಹೊರುವ ಟ್ರಾನ್ಸ್‌ಫೆರಿನ್ ಅನ್ನುವ ಪ್ರೋಟೀನ್ ಒಟ್ಟು ಎಷ್ಟು ಕಬ್ಬಿಣ ಹಿಡಿಯಬಲ್ಲದು ಅನ್ನುವುದರ ಅಳತೆ. ಬಸ್ಸಿನಲ್ಲಿರುವ ಒಟ್ಟು ಸೀಟುಗಳ ಲೆಕ್ಕ ಅಂದುಕೊಳ್ಳಿ. ಗಮನಿಸಿ, ಖಾಲಿ ಸೀಟಲ್ಲ, ಒಟ್ಟು ಸೀಟು. ಖಾಲಿ ಸೀಟಿನ ಲೆಕ್ಕ ಬೇರೆ, ಅದು ಯುಐಬಿಸಿ. ಕೂತಿರುವ ಪ್ರಯಾಣಿಕರು ಸೀರಮ್ ಐರನ್. ಕೂತವರನ್ನು ಒಟ್ಟು ಸೀಟಿನಿಂದ ಭಾಗಿಸಿ 100ರಿಂದ ಗುಣಿಸಿದರೆ ಸ್ಯಾಚುರೇಷನ್. ಫೆರಿಟಿನ್ ಈ ಬಸ್ಸಿನಲ್ಲೇ ಇಲ್ಲ. ಅದು ಜೀವಕೋಶಗಳ ಒಳಗಿನ ದಾಸ್ತಾನು. ಅದರ ಒಂದು ಚೂರು ಮಾತ್ರ ರಕ್ತದಲ್ಲಿ ಕಾಣುತ್ತದೆ.

ದಾಸ್ತಾನು ಕರಗಿದಾಗ ಲಿವರ್ ಜಾಸ್ತಿ ಟ್ರಾನ್ಸ್‌ಫೆರಿನ್ ತಯಾರಿಸುತ್ತದೆ, ಸಿಕ್ಕಷ್ಟು ಕಬ್ಬಿಣವನ್ನು ಹಿಡಿದುಕೊಳ್ಳಲಿ ಅಂತ. ಅಂದರೆ ಸೀಟು ಏರಿತು, ಕೂರುವವರು ಇಳಿದರು. ಆದ್ದರಿಂದ ಫೆರಿಟಿನ್ ಕೆಳಗೆ, ಟಿಐಬಿಸಿ ಮೇಲೆ, ಸ್ಯಾಚುರೇಷನ್ ಪಾತಾಳಕ್ಕೆ. ಅಭ್ಯಾಸಕ್ಕೆ ನಾನೇ ಹಾಕಿಕೊಂಡ ಲೆಕ್ಕ: ಐರನ್ 24, ಟಿಐಬಿಸಿ 480, ಸ್ಯಾಚುರೇಷನ್ ಶೇ. 5, ಫೆರಿಟಿನ್ 6 (ಐರನ್, ಟಿಐಬಿಸಿ ಡೆಸಿಲೀಟರ್‌ಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ, ಫೆರಿಟಿನ್ ಮಿಲಿಲೀಟರ್‌ಗೆ ನ್ಯಾನೋಗ್ರಾಂ ಲೆಕ್ಕದಲ್ಲಿ). ಇದು ಅಪ್ಪಟ ಕಬ್ಬಿಣದ ಕೊರತೆ.

ಇನ್ನೊಂದು ಲೆಕ್ಕ, ರುಮಟಾಯ್ಡ್ ಸಂಧಿವಾತ ಇರುವವರದು ಅಂತಿಟ್ಟುಕೊಳ್ಳಿ: ಐರನ್ 30, ಟಿಐಬಿಸಿ 200, ಸ್ಯಾಚುರೇಷನ್ ಶೇ. 15, ಫೆರಿಟಿನ್ 240. ಇಲ್ಲೂ ರಕ್ತದಲ್ಲಿ ಕಬ್ಬಿಣ ಕಡಿಮೆಯೇ, ಸ್ಯಾಚುರೇಷನ್ ಕೂಡ ಕಡಿಮೆಯೇ. ಬರೀ ಸೀರಮ್ ಐರನ್ ನೋಡಿ ಮಾತ್ರೆ ಕೊಟ್ಟರೆ ಕಥೆ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಈ ದೇಹದಲ್ಲಿ ಕಬ್ಬಿಣ ಇದೆ, ಹೊರಗೆ ಬರುತ್ತಿಲ್ಲ.

ಇದೇ ಈ ಪಾಠದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು. ಹಾಗಾಗಿ ಉರಿಯೂತ ಶುರುವಾದಾಗ ರೋಗನಿರೋಧಕ ಕಣಗಳು ಐಎಲ್-6 ಅನ್ನುವ ಸಂದೇಶದ ಪ್ರೋಟೀನ್ ಬಿಡುತ್ತವೆ, ಅದು ಲಿವರ್‌ಗೆ ತಲುಪಿ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಏರುತ್ತದೆ, ಆ ಹೆಪ್ಸಿಡಿನ್ ಹೋಗಿ ಜೀವಕೋಶದಿಂದ ಕಬ್ಬಿಣ ಹೊರಬರುವ ಏಕೈಕ ದಾರಿಯಾದ ಫೆರೋಪೋರ್ಟಿನ್ ಅನ್ನು ಮುಚ್ಚಿಸುತ್ತದೆ. ಕರುಳಿನಿಂದ ಕಬ್ಬಿಣ ಬರುವುದು ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಹಳೆಯ ಕಣಗಳನ್ನು ನುಂಗುವ ಮ್ಯಾಕ್ರೋಫೇಜ್ ಅನ್ನುವ ಜೀವಕೋಶಗಳ ಕಡೆಯಿಂದ. ಆಹಾರದಿಂದ ದಿನಕ್ಕೆ ನಾವು ಹೀರುವುದು ಬರೀ 1–2 ಮಿಲಿಗ್ರಾಂ. ಆದರೆ ಹಳೆಯ ಕೆಂಪು ಕಣಗಳನ್ನು ಒಡೆದು ಮ್ಯಾಕ್ರೋಫೇಜ್‌ಗಳು ದಿನಕ್ಕೆ 20–25 ಮಿಲಿಗ್ರಾಂ ವಾಪಸ್ ಕೊಡುತ್ತವೆ. ಆ ದಾರಿಯೇ ಮುಚ್ಚಿದರೆ ಮಜ್ಜೆಗೆ ಏನು ಸಿಗುತ್ತದೆ? ಸೋಂಕು ಒಂದು ವಾರದಲ್ಲಿ ಹೋದರೆ ಇದು ಒಳ್ಳೆಯ ಉಪಾಯ. ಸಂಧಿವಾತದಂತೆ ವರ್ಷಗಟ್ಟಲೆ ಉರಿಯುವ ಕಾಯಿಲೆಯಲ್ಲಿ ಅದೇ ಉಪಾಯ ರಕ್ತಹೀನತೆ ತರುತ್ತದೆ.

ಒಂದು ಎಚ್ಚರಿಕೆ. ಉರಿಯೂತದಲ್ಲಿ ಫೆರಿಟಿನ್ ತಾನಾಗಿಯೇ ಏರುತ್ತದೆ. ಆದ್ದರಿಂದ ಸಂಧಿವಾತವೂ ಇದೆ, ಮುಟ್ಟಿನಲ್ಲಿ ರಕ್ತಸ್ರಾವವೂ ಜಾಸ್ತಿ ಅಂತಾದರೆ ಫೆರಿಟಿನ್ 50 ಬಂದು ಸುಮ್ನೆ ನಾರ್ಮಲ್ ಥರ ಕಾಣಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ಆರೋಗ್ಯವಂತ ವಯಸ್ಕರಿಗೆ ಗಡಿ 15, ಸೋಂಕು ಅಥವಾ ಉರಿಯೂತ ಇದ್ದವರಿಗೆ 70 ಇರುವುದು ಇದಕ್ಕೇ.

ಕೊನೆಗೆ ಥಲಸ್ಸೀಮಿಯಾ ವಾಹಕರು. ಇಲ್ಲಿ ಕಬ್ಬಿಣದ ಲೆಕ್ಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಒಂದು ಸುಲಭ ದಾರಿ ಇದೆ, 1973ರ ಮೆಂಟ್ಜರ್ ಸೂಚ್ಯಂಕ: ಎಂಸಿವಿಯನ್ನು ಮೈಕ್ರೋಲೀಟರ್‌ಗೆ ಎಷ್ಟು ಮಿಲಿಯನ್ ಅಂತ ಬರೆದ ಕೆಂಪು ಕಣಗಳ ಸಂಖ್ಯೆಯಿಂದ ಭಾಗಿಸಿ. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ಕಡೆ, ಜಾಸ್ತಿ ಬಂದರೆ ಕಬ್ಬಿಣದ ಕೊರತೆ ಕಡೆ. 64ನ್ನು 5.8ರಿಂದ ಭಾಗಿಸಿದರೆ 11. 70ನ್ನು 4.2ರಿಂದ ಭಾಗಿಸಿದರೆ ಸುಮಾರು 16.7. ವಾಹಕರಲ್ಲಿ ಮಜ್ಜೆ ಸಣ್ಣ ಕಣಗಳನ್ನೇ ಆದರೂ ಸಾಕಷ್ಟು ತಯಾರಿಸುತ್ತದೆ, ಕಬ್ಬಿಣ ಇಲ್ಲದವರಲ್ಲಿ ಕಣಗಳ ಸಂಖ್ಯೆಯೇ ಇಳಿಯುತ್ತದೆ.

ಆದರೆ ಇದು ಅಂದಾಜು ಅಷ್ಟೇ. ಬೀಟಾ ಥಲಸ್ಸೀಮಿಯಾ ವಾಹಕ ಅಂತ ಹೇಳಲು ಎಚ್‌ಪಿಎಲ್‌ಸಿಯಲ್ಲಿ (ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಹಿಮೋಗ್ಲೋಬಿನ್ ಎ2 ಅನ್ನುವ ಬಗೆ ಶೇ. 3.5ಕ್ಕಿಂತ ಜಾಸ್ತಿ ಇರಬೇಕು. ಅದರಲ್ಲೂ ಕಬ್ಬಿಣದ ಕೊರತೆ ಜೊತೆಗಿದ್ದರೆ ಎ2 ಇಳಿದು ವಾಹಕರು ತಪ್ಪಿಹೋಗಬಹುದು. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಥಲಸ್ಸೀಮಿಯಾ ಬರುವ ಸಾಧ್ಯತೆ ಶೇ. 25. ಹಾಗಾಗಿ ಅನುಮಾನ ಉಳಿದರೆ ಕಬ್ಬಿಣ ಸರಿಪಡಿಸಿ ಎ2 ಮತ್ತೆ ನೋಡಬೇಕು. ಬಸುರಿಯಾಗಿದ್ದರೆ ಅಷ್ಟು ಕಾಯುವ ಹಾಗಿಲ್ಲ, ಗಂಡನ ರಕ್ತವನ್ನೂ ಕೂಡಲೇ ಪರೀಕ್ಷಿಸಬೇಕು.