ಫೀಸೇ ಇಲ್ಲದ ಕಾಲೇಜಿಗೆ ಫ್ಯಾಫ್ಸಾ ಯಾಕೆ ತುಂಬಬೇಕು?

ಪ್ರಶ್ನೆ: ಮಗಳು ಈ ಸಲ ಕ್ಯುಪರ್ಟಿನೋದ ಡಿ ಆಂಜಾ ಕಾಲೇಜಿಗೆ ಸೇರ್ತಿದ್ದಾಳೆ. ಮೊದಲ ಎರಡು ವರ್ಷ ಫೀಸ್ ಇಲ್ಲ ಅಂದ್ರು. ಅಂದ್ಮೇಲೆ ಆ ಫ್ಯಾಫ್ಸಾ (ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿ) ತುಂಬೋ ತಲೆನೋವು ಯಾಕೆ ಸರ್? ನಮಗೆ ಸಾಲ ಬೇಡ.

ಉತ್ತರ: ತುಂಬಿ. ಇದೊಂದೇ ಮಾತಿಗೆ ನಿಲ್ಲಿಸಬಹುದಿತ್ತು, ಆದರೆ ಇದೇ ಪ್ರಶ್ನೆ ಬೇರೆ ಬೇರೆ ಕಾಲೇಜಿನ ಹೆಸರು ಹೊತ್ತು ಪ್ರತಿ ಬೇಸಿಗೆಗೂ ಬರುತ್ತದೆ. ಉತ್ತರ ಓದಿದವರೇ ಎರಡನೇ ಮಗುವಿನ ಸರದಿಗೆ ಮತ್ತೆ ಕೇಳುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಲೆಕ್ಕವನ್ನೇ ಮುಂದಿಡುತ್ತೇನೆ.

ನೀವು ಕೇಳಿಸಿಕೊಂಡ ಆ "ಎರಡು ವರ್ಷ ಫ್ರೀ" ಎನ್ನುವುದು ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್. ಮೊದಲ ಬಾರಿಗೆ ಕಾಲೇಜು ಸೇರುವ, ಫುಲ್‌ಟೈಮ್ ಓದುವ ಮಕ್ಕಳಿಗೆ ಅದು. ಮನೆಯ ಆದಾಯ ಹೆಚ್ಚಿದ್ದರೂ ಸಿಗುತ್ತದೆ. ಆದರೆ ಅದಕ್ಕೊಂದು ಷರತ್ತಿದೆ: ಫ್ಯಾಫ್ಸಾ ಅಥವಾ (ಅದನ್ನು ತುಂಬಲಾಗದ ವಲಸಿಗ ಮಕ್ಕಳಾದರೆ) ರಾಜ್ಯದ ಕ್ಯಾಲಿಫೋರ್ನಿಯಾ ಡ್ರೀಮ್ ಆಕ್ಟ್ ಅರ್ಜಿ ತುಂಬಿರಲೇಬೇಕು. ಫೀಸ್ ಮಾಫಿ ಆಯಿತು, ಇನ್ನು ಅರ್ಜಿ ಯಾಕೆ ಎಂದು ಕೇಳುತ್ತೀರಲ್ಲ, ಆ ಮಾಫಿ ಬರುವುದೇ ಅರ್ಜಿಯ ದಾರಿಯಲ್ಲಿ.

ಸರಿ, ಫೀಸ್ ಮಾಫಿ ಆಯಿತು ಎಂದೇ ಇಟ್ಟುಕೊಳ್ಳೋಣ. ಉಳಿದದ್ದು ಎಷ್ಟು? ಡಿ ಆಂಜಾದಲ್ಲಿ ಕ್ವಾರ್ಟರ್ ಪದ್ಧತಿ, ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 31 ಡಾಲರ್. (ಸೆಮಿಸ್ಟರ್ ಕಾಲೇಜುಗಳಲ್ಲಿ 46.) 12 ಯೂನಿಟ್‌ಗೆ 372 ಡಾಲರ್, ಮೂರು ಕ್ವಾರ್ಟರ್ ಸೇರಿ 1,116. ನಿಮಗೆ ಮಾಫಿಯಾಗುವುದು ಇಷ್ಟೇ. ಹೆಲ್ತ್ ಫೀ, ಸ್ಟೂಡೆಂಟ್ ಫೀ ಎಂಬ ಚಿಲ್ಲರೆ ಬಾಬತ್ತುಗಳು ಹಾಗೇ ಉಳಿಯುತ್ತವೆ. ಪುಸ್ತಕ, ಲ್ಯಾಪ್‌ಟಾಪ್, ಕಾರಿನ ಗ್ಯಾಸ್, ಇನ್ಶೂರೆನ್ಸ್, ಮಧ್ಯಾಹ್ನದ ಊಟ, ಮನೆಯಿಂದ ದೂರವಿದ್ದರೆ ಬಾಡಿಗೆ, ಇದ್ಯಾವುದಕ್ಕೂ ಆ ಮಾಫಿ ಬರುವುದಿಲ್ಲ. ಊರಲ್ಲಿ ಶಕ್ತಿ ಯೋಜನೆಯ ಬಸ್ ಟಿಕೆಟ್ ಫ್ರೀ ಅಂದಮಾತ್ರಕ್ಕೆ ಮೈಸೂರು ಸುತ್ತುವ ಖರ್ಚೆಲ್ಲ ಸೊನ್ನೆಯಾಗುವುದಿಲ್ಲವಲ್ಲ!

ಈಗ ಪೆಲ್ ಗ್ರ್ಯಾಂಟ್ ನೋಡಿ, ಫ್ಯಾಫ್ಸಾ ಮೂಲಕ ಸಿಗುವ, ಸಾಲದಂತೆ ತೀರಿಸಬೇಕಿಲ್ಲದ ಫೆಡರಲ್ ಸಹಾಯಧನ. 2025-26ರಲ್ಲಿ ಇದರ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್. ಮೂರು ಕ್ವಾರ್ಟರ್‌ಗೆ ಹಂಚಿದರೆ ತಲಾ 2,465. ಫೀಸ್ ಮಾಫಿಯಾಗಿದೆ ಎಂಬ ಕಾರಣಕ್ಕೆ ಪೆಲ್ ಕಡಿಮೆಯಾಗುವುದಿಲ್ಲ. ಕಾಲೇಜು ತನಗೆ ಬರಬೇಕಾದ ಬಾಕಿ ಹಿಡಿದುಕೊಂಡು ಉಳಿದದ್ದನ್ನು ವಿದ್ಯಾರ್ಥಿಯ ಖಾತೆಗೆ ಹಾಕುತ್ತದೆ. ಬಾಕಿಯೇ ಇಲ್ಲದಿದ್ದರೆ ಪೂರ್ತಿ 2,465 ಕೈಗೇ. ದುಬಾರಿ ವಿಶ್ವವಿದ್ಯಾಲಯದಲ್ಲಿ ಪೆಲ್ ಪೂರ್ತಿ ಟ್ಯೂಷನ್ ಫೀಸಿನಲ್ಲೇ ಕರಗಿಹೋಗುತ್ತದೆ. ಡಿ ಆಂಜಾದಂಥ ಕಮ್ಯುನಿಟಿ ಕಾಲೇಜಿನಲ್ಲಿ ಅದೇ ಹಣ ಪುಸ್ತಕಕ್ಕೂ ಊಟಕ್ಕೂ ಸಿಗುತ್ತದೆ. ಅಗ್ಗದ ಕಾಲೇಜು ಎಂದು ಅರ್ಜಿ ಬಿಡುವವರು ಸರಿಯಾಗಿ ತಲೆಕೆಳಗಾಗಿ ಯೋಚಿಸುತ್ತಿದ್ದಾರೆ.

ಪೆಲ್ ಜತೆಗೆ ರಾಜ್ಯದ ಕ್ಯಾಲ್ ಗ್ರ್ಯಾಂಟ್ ಇದೆ. ಅದಕ್ಕೆ ಮಾರ್ಚ್ 2 ಕೊನೆಯ ದಿನವಾದರೂ ಕಮ್ಯುನಿಟಿ ಕಾಲೇಜಿನವರಿಗೆ ಸೆಪ್ಟೆಂಬರ್ 2ರವರೆಗೆ ಇನ್ನೊಂದು ಅವಕಾಶ. ಕ್ಯಾಲ್ ಗ್ರ್ಯಾಂಟ್ ಬಿ ಸಿಕ್ಕರೆ ಅದರ ಬೆನ್ನಿಗೇ ಸ್ಟೂಡೆಂಟ್ ಸಕ್ಸೆಸ್ ಕಂಪ್ಲೀಷನ್ ಗ್ರ್ಯಾಂಟ್: 12 ಯೂನಿಟ್‌ಗೆ ವರ್ಷಕ್ಕೆ 2,596 ಡಾಲರ್‌ವರೆಗೆ, 15 ಅಥವಾ ಹೆಚ್ಚು ತೆಗೆದುಕೊಂಡರೆ 8,000ದವರೆಗೆ. ಮೂರು ಯೂನಿಟ್‌ನ ಒಂದು ಕ್ಲಾಸು ಎಷ್ಟು ಬೆಲೆಬಾಳುತ್ತದೆ ಎಂದು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕಿಲ್ಲ.

ಸಾಲದ ಭಯ ಬಿಡಿ. ಫ್ಯಾಫ್ಸಾ ಸಾಲದ ಅರ್ಜಿಯಲ್ಲ. ಸಾಲ ಬೇಕೆಂದು ನೀವಾಗಿ ಒಪ್ಪಿ, ಪ್ರಾಮಿಸರಿ ನೋಟಿಗೆ ಸಹಿ ಹಾಕದ ಹೊರತು ಒಂದು ಡಾಲರ್ ಕೂಡ ನಿಮ್ಮ ತಲೆಗೆ ಬರುವುದಿಲ್ಲ. ಅರ್ಜಿಗೆ ಶುಲ್ಕವೂ ಇಲ್ಲ. ತುಂಬಿಕೊಡುತ್ತೇವೆ ಎಂದು ದುಡ್ಡು ಕೇಳುವವರಿಗೆ ಕೈಮುಗಿದು ಬಿಡಿ.

"ನಮಗೆಲ್ಲಿ ಸಿಗುತ್ತೆ, ಇಬ್ಬರೂ ಸಾಫ್ಟ್‌ವೇರ್" ಎನ್ನುವವರಿಗೆ ಪೆಲ್ ಸಿಗುವುದು ಕಷ್ಟವೇ. ಆದರೆ ಬೇ ಏರಿಯಾದ ಕನ್ನಡಿಗರೆಲ್ಲ ಅದೇ ಸಂಬಳದವರಲ್ಲ. ಅಣ್ಣನೋ ಅಕ್ಕನೋ ಸ್ಪಾನ್ಸರ್ ಮಾಡಿ ನಲವತ್ತರ ಮೇಲೆ ಬಂದು ಅಂಗಡಿ, ಡೇಕೇರ್‌ಗಳಲ್ಲಿ ದುಡಿಯುವ ಮನೆಗಳಿವೆ. ನಾಲ್ವರ ಕುಟುಂಬ, ತಂದೆತಾಯಿ ಇಬ್ಬರೂ ಇದ್ದಾರೆ ಎಂದರೆ 2025-26ರ ಲೆಕ್ಕದಲ್ಲಿ (ಅದಕ್ಕೆ 2023ರ ತೆರಿಗೆ ಆಧಾರ) ಎಜಿಐ (ತೆರಿಗೆ ಫಾರ್ಮಿನಲ್ಲಿ ಬರುವ ಹೊಂದಾಣಿಕೆಯಾದ ಒಟ್ಟು ಆದಾಯ) 52,500 ಡಾಲರ್‌ವರೆಗೆ ಪೂರ್ತಿ ಪೆಲ್, 82,500ರವರೆಗೆ ಕನಿಷ್ಠ 740 ಡಾಲರ್. ಆ ವರ್ಷ ಒಳ್ಳೆಯ ಸಂಬಳವಿತ್ತು, ಈಗ ಲೇಆಫ್ ಆಗಿದೆ ಎಂದಾದರೆ ಫಾರ್ಮಿನಲ್ಲಿ ಹಳೆಯ ಅಂಕಿಯೇ ಇರಲಿ, ತಿದ್ದಬೇಡಿ. ಅರ್ಜಿ ಹೋದ ಮೇಲೆ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೆ ಲೇಆಫ್ ಪತ್ರ ಕೊಟ್ಟು "ಪ್ರೊಫೆಷನಲ್ ಜಡ್ಜ್‌ಮೆಂಟ್" ಕೇಳಿ. ಈಗಿನ ಆದಾಯ ನೋಡಿ ಲೆಕ್ಕ ಬದಲಿಸುವ ಅಧಿಕಾರ ಅವರಿಗಿದೆ.

ವೀಸಾ ವಿಚಾರ ಚುಟುಕಾಗಿ. ಮಗು ಇಲ್ಲೇ ಹುಟ್ಟಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ಅರ್ಹ. ನೀವು ಎಚ್-1ಬಿಯಲ್ಲಿದ್ದರೂ ಅಡ್ಡಿಯಿಲ್ಲ. ಮಗುವೇ ಎಚ್-4ನಲ್ಲಿದ್ದರೆ (ಎಚ್-1ಬಿಯವರ ಅವಲಂಬಿತರ ವೀಸಾ) ಫೆಡರಲ್ ಹಣ ಇಲ್ಲ, ಗ್ರೀನ್ ಕಾರ್ಡಿಗೆ ಹಾಕಿದ ಐ-485 ಅರ್ಜಿಯ ರಸೀದಿ ತೋರಿಸಿದರೂ ಇಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷದಿಂದ ನೆಲೆಸಿರುವ ದಾಖಲೆ ಇಟ್ಟರೆ ಎಚ್-4 ಮಕ್ಕಳಿಗೂ ನಿವಾಸಿಗಳ ಫೀಸ್ ಸಿಗುತ್ತದೆ. ಅದನ್ನು ಕೇಳಿ ಪಡೆಯಿರಿ.

ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ನಮ್ಮವರಲ್ಲಿ ಹೆಚ್ಚಾಗಿ ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ವೀಸಾದಲ್ಲಿ "ಎಫ್ಎನ್‌ಯು" (ಫಸ್ಟ್ ನೇಮ್ ಅನ್‌ನೋನ್) ಬಿದ್ದಿರುತ್ತದೆ, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಒಂದು ಥರ, ತೆರಿಗೆಯಲ್ಲಿ ಇನ್ನೊಂದು ಥರ, ಇನಿಷಿಯಲ್ ಬಿಡಿಸಿ ಬರೆದದ್ದು ಮತ್ತೊಂದು ಥರ. ಸ್ಟೂಡೆಂಟ್‌ಏಡ್ ಡಾಟ್ ಗವ್ ಖಾತೆಯಲ್ಲಿ ಹೆಸರು ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಂತೆ ಅಕ್ಷರಕ್ಕೆ ಅಕ್ಷರ ಇರಬೇಕು. ಇಲ್ಲದಿದ್ದರೆ ಖಾತೆ ವೆರಿಫೈ ಆಗದು. ಸೋಷಿಯಲ್ ಸೆಕ್ಯುರಿಟಿ ನಂಬರ್ (ಎಸ್‌ಎಸ್‌ಎನ್) ಇಲ್ಲದ ತಾಯಿಯೂ ಖಾತೆ ತೆರೆಯಬಹುದು, ತೆರಿಗೆಗೆಂದು ಕೊಟ್ಟ ಐಟಿಐಎನ್ ನಂಬರನ್ನು ಆ ಜಾಗದಲ್ಲಿ ತುರುಕಬೇಡಿ. ಅರ್ಜಿಗೆ ಸೇರಿಸಿದ ಪ್ರತಿಯೊಬ್ಬರೂ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಮಾಹಿತಿ ತರಿಸಲು ಕನ್ಸೆಂಟ್ ಒತ್ತಲೇಬೇಕು. ಒಬ್ಬರು ಬಿಟ್ಟರೂ ಎಸ್‌ಎಐ (ಕಡಿಮೆಯಿದ್ದಷ್ಟೂ ಹೆಚ್ಚು ನೆರವು ಸಿಗುವ ಅರ್ಹತಾ ಅಂಕಿ) ಬರುವುದಿಲ್ಲ, ಎಸ್‌ಎಐ ಇಲ್ಲದೆ ಪೆಲ್ ಇಲ್ಲ.

ಇನ್ನೊಂದು, ಊರಿನ ಆಸ್ತಿ. ನೀವು ವಾಸವಿರುವ ಮನೆ, 401ಕೆ ನಿವೃತ್ತಿ ಉಳಿತಾಯ ಲೆಕ್ಕಕ್ಕಿಲ್ಲ. ಆದರೆ ಯಲಹಂಕದಲ್ಲಿ ನಿಮ್ಮ ಹೆಸರಲ್ಲಿರುವ ಸೈಟು, ಬಾಡಿಗೆಗೆ ಕೊಟ್ಟ ಮನೆ, ಎನ್‌ಆರ್‌ಇ ಡೆಪಾಸಿಟ್ಟು ಲೆಕ್ಕಕ್ಕಿದೆ. ಊರಲ್ಲಿ ನಿಮ್ಮ ಅಪ್ಪನ ಹೆಸರಲ್ಲಿರುವುದು ನಿಮ್ಮದಲ್ಲ. ಆದಾಯ 60,000 ಡಾಲರ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಆಸ್ತಿ ಪ್ರಶ್ನೆಯೇ ಬರುವುದಿಲ್ಲ. ಆದರೆ ಊರಿನ ಬ್ಯಾಂಕ್ ಖಾತೆಯ ಕಾರಣ ತೆರಿಗೆ ರಿಟರ್ನಿಗೆ ಶೆಡ್ಯೂಲ್ ಬಿ ಎಂಬ ಫಾರ್ಮ್ ಸೇರಿಸಿದ್ದರೆ ಆ ರಿಯಾಯಿತಿ ತಪ್ಪಬಹುದು.

ಹಣ ಬಂದ ಮೇಲೂ ಜಾರುವ ಜಾಗಗಳಿವೆ. 12 ಯೂನಿಟ್‌ನಿಂದ 9ಕ್ಕೆ ಇಳಿದರೆ ಪೆಲ್ 75%, ಅಂದರೆ ಕ್ವಾರ್ಟರ್‌ಗೆ 2,465 ಇದ್ದದ್ದು 1,848ರ ಆಸುಪಾಸು. ಟರ್ಮಿನ 60% ಕಳೆಯುವ ಮೊದಲೇ ಎಲ್ಲ ಕ್ಲಾಸುಗಳನ್ನೂ ಬಿಟ್ಟರೆ ಒಂದು ಭಾಗವನ್ನು ವಾಪಸ್ ಕೊಡಬೇಕಾಗುತ್ತದೆ, ಆ ಹಣ ಖರ್ಚಾಗಿದ್ದರೂ. ಒಂದೇ ಹೊತ್ತಿಗೆ ಎರಡು ಕಾಲೇಜಿನಲ್ಲಿ ಪೆಲ್ ಪಡೆಯುವಂತಿಲ್ಲ. ಒಟ್ಟು ಜೀವಮಾನಕ್ಕೆ ಸಿಗುವುದು 12 ಸೆಮಿಸ್ಟರ್‌ನಷ್ಟು ಮಾತ್ರ.

ನೀವು ಕೇಳದಿದ್ದರೂ ಹೇಳಬೇಕಾದದ್ದು ತೆರಿಗೆ. ಫೀಸ್, ಕಡ್ಡಾಯ ಪುಸ್ತಕಗಳಿಗೆ ಹೋದ ಪೆಲ್ ಹಣಕ್ಕೆ ತೆರಿಗೆಯಿಲ್ಲ. ಊಟಕ್ಕೆ, ಬಾಡಿಗೆಗೆ ಹೋದದ್ದು ವಿದ್ಯಾರ್ಥಿಯ ಆದಾಯ. ಸ್ಟ್ಯಾಂಡರ್ಡ್ ಡಿಡಕ್ಷನ್ ಇರುವುದರಿಂದ ಬೇರೆ ದೊಡ್ಡ ಸಂಪಾದನೆ ಇಲ್ಲದ ಹುಡುಗಿಗೆ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ. ಹಾಗೆ ತೋರಿಸಿದ ಮೊತ್ತವನ್ನು ಮುಂದಿನ ಫ್ಯಾಫ್ಸಾದಲ್ಲಿ ಅದಕ್ಕೇ ಇರುವ ಪ್ರಶ್ನೆಯಲ್ಲಿ ನಮೂದಿಸಿ, ಇಲ್ಲವಾದರೆ ಎಸ್‌ಎಐ ಸುಮ್ಮನೆ ಏರುತ್ತದೆ.

ಪೆಲ್ ಸಿಗದ ಮನೆಯವರು ನೋಡಬೇಕಾದದ್ದು ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್, ಅಂದರೆ ಓದಿನ ಖರ್ಚಿಗೆ ತೆರಿಗೆಯಲ್ಲೇ ಸಿಗುವ ಕಡಿತ. ಜಂಟಿಯಾಗಿ ಫೈಲ್ ಮಾಡುವವರಿಗೆ 1,60,000 ಡಾಲರ್ ಆದಾಯದವರೆಗೆ ಪೂರ್ತಿ, 1,80,000ಕ್ಕೆ ಸೊನ್ನೆ. ಕೈಯಿಂದ ಕೊಟ್ಟ ಮೊದಲ 2,000 ಡಾಲರ್‌ಗೆ ಅಷ್ಟೂ ಕ್ರೆಡಿಟ್, ಮುಂದಿನ 2,000ಕ್ಕೆ ಕಾಲುಭಾಗ. ಫೀಸ್ ಮಾಫಿಯಾಗಿದ್ದರೂ ಕೋರ್ಸಿಗೆ ಬೇಕಾದ ಪುಸ್ತಕಗಳ ಖರ್ಚು ಎಣಿಕೆಗೆ ಬರುತ್ತದೆ, ರಸೀದಿ ಇಟ್ಟುಕೊಳ್ಳಿ. ಆದರೆ ಈ ಕ್ರೆಡಿಟ್ ನಾಲ್ಕು ತೆರಿಗೆ ವರ್ಷಗಳಿಗೆ ಮಾತ್ರ, ಮತ್ತು ಸೆಪ್ಟೆಂಬರ್‌ನಲ್ಲಿ ಸೇರಿ ನಾಲ್ಕು ವರ್ಷ ಓದಿದ ಮಗು ಐದು ತೆರಿಗೆ ವರ್ಷಗಳನ್ನು ಮುಟ್ಟುತ್ತದೆ. ಎರಡು ವರ್ಷದ ನಂತರ ದುಬಾರಿ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಟ್ರಾನ್ಸ್‌ಫರ್ ಆಗುವ ಯೋಚನೆ ಇದ್ದರೆ, ಪುಸ್ತಕದ 300 ಡಾಲರ್ ಮಾತ್ರ ಖರ್ಚಾದ ಮೊದಲ ವರ್ಷ ಅದನ್ನು ಕ್ಲೇಮ್ ಮಾಡಬೇಡಿ.