ಟಾರ್ಸೊರಾಫಿ: ಏಳನೇ ನರ ಏಳಿಸುವುದಿಲ್ಲ

ಪುಣೆಯಲ್ಲಿ ಕಣ್ಣಿನ ವಿಭಾಗದ ಪೋಸ್ಟಿಂಗ್ ಶುರುವಾಗಿ ಮೂರು ವಾರ ಆಯ್ತು. ನಿನ್ನೆ ರೌಂಡ್ಸ್‌ನಲ್ಲಿ ಎಲ್ಲರೆದುರು ತಪ್ಪು ಉತ್ತರ ಕೊಟ್ಟೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಪ್ರಶ್ನೆ ಇಷ್ಟೇ: ಬೆಲ್ಸ್ ಪಾಲ್ಸಿಯಲ್ಲಿ (ಮಿದುಳಿನಿಂದ ಮುಖಕ್ಕೆ ಬರುವ ಏಳನೇ ನರ ಸೋತು, ಮುಖದ ಒಂದು ಬದಿ ಬಿದ್ದುಹೋಗುವ ಕಾಯಿಲೆ) ಮೇಲಿನ ರೆಪ್ಪೆ ಜೋತು ಬೀಳುತ್ತದಾ? ನಾನು "ಹೌದು" ಎಂದೆ. ಬೀಳುವುದಿಲ್ಲ. ಮುಚ್ಚುವುದಿಲ್ಲ, ಅದೇ ತೊಂದರೆ.

ತಪ್ಪಿಗೆ ಕಾರಣ ಕನ್ನಡವೇ ಇರಬೇಕು. 'ಏಳು' ಅಂದ ಕೂಡಲೇ ತಲೆಯಲ್ಲಿ 'ಎದ್ದೇಳು' ಅಂತ ಬರುತ್ತದೆ. ಹಾಗಾಗಿ ಏಳನೇ ನರ ರೆಪ್ಪೆ ಎತ್ತುತ್ತದೆ ಅಂತ ಎಂದೋ ತಲೆಗೆ ಹೊಕ್ಕಿತ್ತು. ಈಗ ಉಲ್ಟಾ ಮಾಡಿ ನೆನಪಿಟ್ಟುಕೊಂಡಿದ್ದೇನೆ: ಏಳು ಏಳಿಸುವುದಿಲ್ಲ, ಮಲಗಿಸುತ್ತದೆ. ಮುಚ್ಚುವ ಸ್ನಾಯು ಆರ್ಬಿಕ್ಯುಲಾರಿಸ್, ಅದು 7ನೇ ನರದ್ದು. ಎತ್ತುವ ಲಿವೇಟರ್ 3ನೇ ನರದ್ದು. 7 ಕೈಕೊಟ್ಟರೆ 3 ಒಂದೇ ಎಳೆಯುತ್ತಾ ಇರುತ್ತದೆ. ರೆಪ್ಪೆ ತೆರೆದೇ ಉಳಿಯುತ್ತದೆ, ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಒಣಗುತ್ತದೆ, ಕೊನೆಗೆ ಹುಣ್ಣಾಗುತ್ತದೆ.

ಮೊದಲು ಡ್ರಾಪ್ಸ್, ಮುಲಾಮು, ರಾತ್ರಿ ಟೇಪ್. ಅವು ಸಾಲದಿದ್ದಾಗ ರೆಪ್ಪೆಗಳನ್ನು ಭಾಗಶಃ ಹೊಲಿಯುವುದು, ಅದೇ ಟಾರ್ಸೊರಾಫಿ. 5ನೇ ನರವೂ ಹೋಗಿ ಕಾರ್ನಿಯಾಗೆ ಸ್ಪರ್ಶವೇ ಇಲ್ಲದಿದ್ದರೆ ಕಾಯಲೇಬಾರದು, ಯಾಕೆಂದರೆ ಆ ಕಣ್ಣು ಹುಣ್ಣಾದರೂ ನೋವು ಅನ್ನುವುದಿಲ್ಲ. ಅದಕ್ಕೇ ಹತ್ತಿಯ ಎಳೆಯಿಂದ ಕಾರ್ನಿಯಾ ಮುಟ್ಟಿ ನೋಡುವುದು. ಥೈರಾಯ್ಡ್‌ನಿಂದ ಕಣ್ಣು ಮುಂದೆ ಬಂದವರಿಗೂ, ಕುಷ್ಠದಿಂದ ರೆಪ್ಪೆ ಮುಚ್ಚದವರಿಗೂ ಇದನ್ನು ಮಾಡುತ್ತಾರೆ.

ಈಗ ನಾನು ನಿಜವಾಗಿ ಒದ್ದಾಡಿದ ಜಾಗ: ಸೂಜಿ ಎಲ್ಲಿ ಹೊರಬರಬೇಕು?

ರೆಪ್ಪೆಯ ಅಂಚು ಸುಮಾರು 2 ಮಿ.ಮೀ. ಅಗಲ. ಮುಂದೆ ಕೂದಲು, ಹಿಂದೆ ಮೈಬೋಮಿಯನ್ ಗ್ರಂಥಿಗಳ ಸಣ್ಣ ಬಾಯಿಗಳು. ನಡುವೆ ಮಸುಕಾದ ಬೂದು ಗೆರೆ, ಗ್ರೇ ಲೈನ್. ಮೇಲಿನ ರೆಪ್ಪೆಯ ಚರ್ಮದಲ್ಲಿ, ಅಂಚಿನಿಂದ 3-4 ಮಿ.ಮೀ. ಮೇಲೆ ಸೂಜಿ ಹೊಕ್ಕು, ಟಾರ್ಸಸ್ ಎಂಬ ಗಟ್ಟಿ ಪಟ್ಟಿಯೊಳಗೆ ಸಾಗಿ, ಈ ಬೂದು ಗೆರೆಯಲ್ಲೇ ಹೊರಬರಬೇಕು. ಹಾಗೇ ಕೆಳರೆಪ್ಪೆಯ ಬೂದು ಗೆರೆಗೆ ಇಳಿದು, ಚರ್ಮದಲ್ಲಿ ಹೊರಗೆ. ಆಮೇಲೆ ಪಕ್ಕದಿಂದ ವಾಪಸ್ ಬಂದು ಗಂಟು. ಇದು ಮ್ಯಾಟ್ರೆಸ್ ಹೊಲಿಗೆ.

ಪೂರ್ತಿ ಆರಪಾರ ಹೊಲಿದರೆ ಗಟ್ಟಿ ಅಲ್ವಾ, ಅಂತ ನಾನು ಅಂದುಕೊಂಡಿದ್ದೆ. ಟಾರ್ಸಸ್ ದಪ್ಪ 1 ಮಿ.ಮೀ.ಯಷ್ಟೇ. ಸೂಜಿ ಒಳಬದಿಗೆ ಇಣುಕಿದರೆ ದಾರ ಕಾರ್ನಿಯಾವನ್ನೇ ಉಜ್ಜುತ್ತದೆ. ಕಾಪಾಡಲು ಹೋಗಿ ನಾವೇ ಗೀರಿದಂತೆ. ಬರೀ ಚರ್ಮದಲ್ಲಿ ಹಾಕಿದರೆ ಹಿಡಿತವೇ ಇಲ್ಲ.

ಅರ್ಥವಾಗಿದ್ದು ಅಮ್ಮನಿಂದ. ಧಾರವಾಡದಿಂದ ಬಂದಿದ್ದ ಅಮ್ಮ, ಲಕ್ಷ್ಮೀ ರೋಡ್‌ನಲ್ಲಿ ಕೊಂಡ ಸೀರೆಗೆ ಫಾಲ್ ಹಚ್ಚುತ್ತಾ ಕೂತಿದ್ದಳು. ಸೂಜಿ ಸೀರೆಯ ಒಂದೆರಡು ಎಳೆ ಮಾತ್ರ ಹಿಡಿಯುತ್ತದೆ, ಆ ಬದಿಗೆ ದಾರ ಕಾಣುವುದೇ ಇಲ್ಲ. ಟಾರ್ಸಸ್‌ನಲ್ಲೂ ಅಷ್ಟೇ. ನಾನೂ ಸೂಜಿ ಇಸ್ಕೊಂಡು ಹೊಲಿದೆ. ಹತ್ತರಲ್ಲಿ ನಾಲ್ಕು ಆ ಬದಿಗೆ ಕಂಡವು. ಅಮ್ಮ ಬಿಚ್ಚಿಸಿದಳು.

ದಾರ ಚರ್ಮವನ್ನು ಕೊಯ್ಯಬಾರದು ಅಂತ ಗಂಟಿನ ಕೆಳಗೆ ಬೋಲ್ಸ್ಟರ್, ಅಂದರೆ ಸಣ್ಣ ಮೆತ್ತೆ, ಇಡುತ್ತಾರೆ. ಸಲೈನ್ ಟ್ಯೂಬಿನ ಒಂದು ಚೂರು ಸಾಕು.

ಇದು ತಾತ್ಕಾಲಿಕ, ಕೆಲವು ವಾರಗಳ ಮಾತು. ದಾರ ತೆಗೆದರೆ ರೆಪ್ಪೆ ಬಿಟ್ಟುಕೊಳ್ಳುತ್ತದೆ, ಯಾಕೆಂದರೆ ಅಂಚಿನ ಚರ್ಮ ಹಾಗೇ ಇದೆ. ಜಾಸ್ತಿ ಕಾಲ ಕೂಡಿರಬೇಕೆಂದರೆ ಎರಡೂ ಅಂಚಿನ ಮೇಲ್ಪದರ ತೆಗೆದು, ಹಸಿ ಗಾಯಕ್ಕೆ ಹಸಿ ಗಾಯ ಸೇರಿಸಿ ಹೊಲಿಯಬೇಕು. 'ಶಾಶ್ವತ' ಅನ್ನುವ ಹೆಸರು ಸುಮ್ನೆ, ಬೇಕಾದಾಗ ಇದನ್ನೂ ಬಿಡಿಸಬಹುದು.

ವಾರ್ಡ್‌ನಲ್ಲಿ ಅಕ್ಕಲಕೋಟೆ ಕಡೆಯ ಅಜ್ಜ ಒಬ್ಬರು "ಹೊಲದ್ರ ಕಣ್ಣು ಕಾಣಸ್ತದೇನ್ರಿ?" ಅಂತ ಕನ್ನಡದಲ್ಲೇ ಕೇಳಿದರು. ಹೊರಗಿನ ಮೂರನೇ ಒಂದು ಭಾಗ ಮಾತ್ರ ಹೊಲಿಯುತ್ತಾರೆ, ಮೂಗಿನ ಕಡೆ ತೆರೆದಿರುತ್ತದೆ, ಡ್ರಾಪ್ಸ್ ಅಲ್ಲಿಂದಲೇ ಹಾಕ್ತೀವಿ ಅಂದೆ. ಮಾರನೇ ದಿನ ಅಜ್ಜ ಕನ್ನಡಿ ನೋಡಿಕೊಂಡು, "ಅಂಗಿಗೆ ಒಂದ ಗುಂಡಿ ಹಾಕಿದಂಗಾತು" ಅಂದರು.